ಬ್ರಿಟನ್ನಿನ ಹಲ್ಲಿಗಳು ಮತ್ತು ಬಿಸಿಲಿನ ಲೆಕ್ಕ

ಬ್ರಿಟನ್ನಿನ ನೆಲದ ಮೇಲೆ ಮೂಲತಃ ನೆಲೆಸಿರುವ ಸರೀಸೃಪಗಳು ಆರೇ ಜಾತಿಯವು. ಅವುಗಳಲ್ಲಿ ಮೂರು ಹಾವುಗಳು, ಮೂರು ಹಲ್ಲಿಗಳು. ಹಲ್ಲಿ ಶೀತರಕ್ತ ಪ್ರಾಣಿ, ಎಂದರೆ ಮೈಗೆ ಬೇಕಾದ ಶಾಖವನ್ನು ಹೊರಗಿನಿಂದಲೇ ಪಡೆಯಬೇಕಾದ ಜೀವಿಯಾದುದರಿಂದ, ಆ ತಂಪು ದೇಶದಲ್ಲಿ ಅದನ್ನು ಹುಡುಕುವವರು ಮೊದಲು ಬಿಸಿಲಿನ ಲೆಕ್ಕವನ್ನು ಅರಿಯಬೇಕಾಗುತ್ತದೆ.

ಈ ಮೂರು ಹಲ್ಲಿಗಳಲ್ಲಿ ಸಾಮಾನ್ಯ ಹಲ್ಲಿಯು ಸ್ಕಾಟ್ಲೆಂಡಿನವರೆಗೂ ಹರಡಿದ್ದು, ಮೊಟ್ಟೆಗಳನ್ನು ಒಡಲಲ್ಲೇ ಬೆಳೆಸಿ ಬೇಸಿಗೆಯ ಕೊನೆಗೆ ಮರಿ ಹಾಕುತ್ತದೆ. ಮರಳು ಹಲ್ಲಿಯು ಡಾರ್ಸೆಟ್ ಮತ್ತು ಸರ್ರಿಯ ಹೀದ್‌ಗಳಲ್ಲಿ, ಅಂದರೆ ಕುರುಚಲು ಗಿಡಗಳ ಸಾರವಿಲ್ಲದ ಬಯಲುಗಳಲ್ಲಿ, ಹಾಗೂ ಮರ್ಸಿಸೈಡ್ ಕರಾವಳಿಯ ಮರಳುದಿಬ್ಬಗಳಲ್ಲಿ ಉಳಿದುಕೊಂಡಿದ್ದು, ಬಿಸಿಲು ಬೀಳುವ ಬರಿ ಮರಳಿನಲ್ಲಿ ಮೊಟ್ಟೆ ಹೂಳುತ್ತದೆ. ವಸಂತದಲ್ಲಿ ಗಂಡಿನ ಪಕ್ಕೆಗಳು ಹಚ್ಚ ಹಸಿರಾಗುತ್ತವೆ. ಮೂರನೆಯದಾದ, ಕಾಲಿಲ್ಲದ ಸ್ಲೋ ವರ್ಮ್ ಹಾವಿನಂತೆ ಕಂಡರೂ ರೆಪ್ಪೆ ಮಿಟುಕಿಸುತ್ತದೆ. ಹಾವಿಗೆ ಮಿಟುಕಿಸುವ ರೆಪ್ಪೆಯೇ ಇಲ್ಲ.

ಚಳಿಗಾಲದ ನಿದ್ರೆ ಮುಗಿಸಿ ಮಾರ್ಚ್ ಸುಮಾರಿಗೆ ಹೊರಬರುವ ಸಾಮಾನ್ಯ ಹಲ್ಲಿಯು ಬೆಳಗಿನ ಎಳೆಬಿಸಿಲಿನಲ್ಲಿ, ದಕ್ಷಿಣಕ್ಕೆ ಮುಖಮಾಡಿದ ದಿಬ್ಬ, ಒಣ ಮರದ ದಿಮ್ಮಿ ಅಥವಾ ಹಲಗೆದಾರಿಯ ಅಂಚಿನಲ್ಲಿ, ಪಕ್ಕೆಲುಬುಗಳನ್ನು ಹಿಗ್ಗಿಸಿ ಮೈಯನ್ನು ಚಪ್ಪಟೆ ಮಾಡಿ ಹೆಚ್ಚು ಬಿಸಿಲನ್ನು ಹೀರುತ್ತದೆ. ಮೈ ಕಾದ ಮೇಲೆ ಅದರ ಓಟ ಚುರುಕಾಗುವುದರಿಂದ ಛಾಯಾಚಿತ್ರಕ್ಕೆ ಬೆಳಗಿನ ಹೊತ್ತೇ ಸೂಕ್ತ. ತಮ್ಮ ನೆರಳು ಹಲ್ಲಿಯ ಮೇಲೆ ಬೀಳದಂತೆ, ಹೆಜ್ಜೆಯ ಕಂಪನ ನೆಲಕ್ಕೆ ತಾಗದಂತೆ ಸರಿದು, ಉದ್ದನೆಯ ಲೆನ್ಸ್ ಬಳಸಿ, ಕ್ಯಾಮೆರಾವನ್ನು ನೆಲದ ಮಟ್ಟಕ್ಕೆ ಇಳಿಸಿ ಕಣ್ಣಿನ ಮೇಲೆ ಫೋಕಸ್ ಮಾಡಿದವರಿಗೆ ಒಳ್ಳೆಯ ಚಿತ್ರ ದೊರೆಯುತ್ತದೆ. ಹಲ್ಲಿ ಓಡಿಹೋದರೂ ಬೆನ್ನಟ್ಟದೆ ನಿಂತಲ್ಲೇ ಕಾದರೆ, ಅದು ಹಲವು ವೇಳೆ ಅದೇ ಜಾಗಕ್ಕೆ ಮರಳುತ್ತದೆ.

ಹಿಡಿಯಲು ಹೋದರೆ ಹಲ್ಲಿ ಬಾಲ ಕಳಚುತ್ತದೆ. ಬಾಲ ಮತ್ತೆ ಬೆಳೆಯುವುದಾದರೂ ಅದರಲ್ಲಿ ಕೂಡಿಟ್ಟ ಕೊಬ್ಬು ನಷ್ಟವಾಗುತ್ತದೆ. 1981ರ ವನ್ಯಜೀವಿ ಕಾಯಿದೆಯು ಈ ಮೂರೂ ಹಲ್ಲಿಗಳನ್ನು ಉದ್ದೇಶಪೂರ್ವಕವಾಗಿ ಕೊಲ್ಲುವುದನ್ನೂ ಗಾಯಗೊಳಿಸುವುದನ್ನೂ ನಿಷೇಧಿಸಿದೆ. ಅಪರೂಪದ ಮರಳು ಹಲ್ಲಿಗೆ ಇನ್ನೂ ಬಿಗಿಯಾದ ರಕ್ಷಣೆಯಿದ್ದು, ಪರವಾನಗಿ ಇಲ್ಲದೆ ಅದನ್ನು ಹಿಡಿಯುವುದೂ ಬೇಕೆಂದೇ ಕಾಡುವುದೂ ಅಪರಾಧ. ಆದುದರಿಂದ ಬ್ರಿಟನ್ನಿಗೆ ಹೋಗುವ ಇಲ್ಲವೇ ಅಲ್ಲಿಯೇ ನೆಲೆಸಿರುವ ಕನ್ನಡಿಗರು ಕ್ಯಾಮೆರಾ ಹಿಡಿದು ಹೀದ್‌ಗೆ ಹೊರಟಾಗ ಕಲ್ಲುಗಳನ್ನು ಮಗುಚದೆ, ದಾರಿ ಬಿಟ್ಟು ತುಳಿಯದೆ, ಹಲ್ಲಿಯನ್ನು ಅದರ ಬಿಸಿಲಿಗೆ ಬಿಟ್ಟು ದೂರದಿಂದಲೇ ಚಿತ್ರ ತೆಗೆಯಬೇಕು.