ಶಿರಸಿಯ ತೋಟವೂ ನಾಡಿನ ಗಡಿಯೂ
(ಒಂದು ಭಾಷಣ)



ಶಿರಸಿಯ ವಿಷಯವಾಗಿ ನಾಲ್ಕು ಮಾತುಗಳನ್ನಾಡಬೇಕೆಂದು ತಾವು ನಮಗೆ ಅಪ್ಪಣೆ ಕೊಟ್ಟಿದ್ದೀರಿ. ಊರನ್ನು ಹೊಗಳುವುದು ಸುಲಭವಾದ ಕೆಲಸ. ಈ ಊರು ಯಾವುದರಿಂದ ಬದುಕುತ್ತದೆಂಬುದನ್ನು ನೋಡಿದರೆ, ನಮ್ಮ ಹಿರಿಯರು ಏಕೀಕರಣಕ್ಕಾಗಿ ಹಂಬಲಿಸಿದ್ದೇಕೆಂಬುದೂ ತಿಳಿದುಬರುವುದು.

ಶಿರಸಿಯು ಸಹ್ಯಾದ್ರಿಯ ಮೇಲೆ ಸುಮಾರು 2,000 ಅಡಿ ಎತ್ತರದಲ್ಲಿದೆ. ವರ್ಷಕ್ಕೆ ನೂರು ಅಂಗುಲದ ಆಸುಪಾಸಿನ ಮಳೆ. ಅದರ ಬಹುಭಾಗವು ಜ್ಯೇಷ್ಠದಿಂದ ಭಾದ್ರಪದದೊಳಗೇ ಸುರಿದುಹೋಗುವುದು. ಗುಡ್ಡಗಳ ನಡುವಣ ಕಣಿವೆಯಲ್ಲಿ ಅಡಿಕೆ, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಅದರ ನೆರಳಲ್ಲಿ ಏಲಕ್ಕಿ. ಆದರೆ ತೋಟವು ತನ್ನಿಂದ ತಾನೇ ಬದುಕುವುದಿಲ್ಲ. ಮೇಲಣ ಸೊಪ್ಪಿನ ಬೆಟ್ಟವೇ ಅದರ ತಾಯಿ. ಬೆಟ್ಟದ ಸೊಪ್ಪು ಕೊಟ್ಟಿಗೆಗೆ, ಕೊಟ್ಟಿಗೆಯ ಗೊಬ್ಬರ ತೋಟಕ್ಕೆ. ಪರದೇಶೀ ಸರ್ಕಾರವು ಕೂಡ ಇದನ್ನೊಪ್ಪಿ, ಒಂದೆಕರೆ ತೋಟಕ್ಕೆ 9 ಎಕರೆಯವರೆಗೆ ಬೆಟ್ಟದ ಸವಲತ್ತನ್ನು ಕೊಟ್ಟಿತ್ತು.

ಇನ್ನು ಮಳೆ ಕೊಡುವುದನ್ನು ಮಳೆಯೇ ಕಸಿದುಕೊಳ್ಳುವುದೂ ಉಂಟು. ಬಿಡದೆ ಹೊಯ್ಯುವ ಆಷಾಢದಲ್ಲಿ ಕೊಳೆರೋಗ ಬಂದು ಎಳೆಗಾಯಿಗಳು ಉದುರುತ್ತವೆ. ಹಿಂದೆ ಗೊನೆಗೆ ಕೊಟ್ಟೆ ಕಟ್ಟುವುದೊಂದೇ ಉಪಾಯವಾಗಿತ್ತು. 1910ರ ಸುಮಾರಿಗೆ ಮೈಸೂರು ಸಂಸ್ಥಾನದಲ್ಲಿ ಡಾಕ್ಟರ್ ಲೆಸ್ಲಿ ಕೋಲ್ಮನ್ನರು ಇದರ ಮೂಲವನ್ನು ಪರೀಕ್ಷಿಸಿ, ಮೈಲುತುತ್ತ ಸುಣ್ಣಗಳ ದ್ರಾವಣ ಸಿಂಪಡಿಸುವುದನ್ನು ತೋರಿಸಿಕೊಟ್ಟರು. ನಮ್ಮ ಮಾತಿನ ಗುಟ್ಟು ಇಲ್ಲಿದೆ. ಸಾಗರ ಸೊರಬಗಳ ತೋಟವೂ ಶಿರಸಿ ಸಿದ್ದಾಪುರಗಳ ತೋಟವೂ ಒಂದೇ. ಬಾಂಧವ್ಯ ಒಂದೇ, ರೋಗವೂ ಒಂದೇ. ಆದರೆ ಅತ್ತಣದು ಮೈಸೂರು, ಇತ್ತಣದು ಮುಂಬಯಿ ಇಲಾಖೆ!

ಈ ಗೆರೆಯನ್ನೆಳೆದವರು ಯಾರು? ಕದಂಬರ ಬನವಾಸಿಯು ಇದೇ ತಾಲ್ಲೂಕಿನ ನೆಲದಲ್ಲಿದೆ. ಮುಂದೆ ಸೋದೆಯ ಅರಸರು ಈ ಸೀಮೆಯನ್ನಾಳಿದರು. ಹೈದರನ ದಾಳಿಯಿಂದ ಅವರು ಗೋವೆಗೆ ಹೋಗಬೇಕಾಯಿತು. 1799ರ ತರುವಾಯ ಕಂಪನಿಯ ಆಳಿಕೆ. 1862ರಲ್ಲಿ ಕನ್ನಡ ಜಿಲ್ಲೆಯ ಉತ್ತರ ಭಾಗವನ್ನು ಮದರಾಸಿನಿಂದ ಬಿಡಿಸಿ ಮುಂಬಯಿಗೆ ಸೇರಿಸಿದರು. ದಕ್ಷಿಣವು ಮದರಾಸಿನಲ್ಲೇ ಉಳಿಯಿತು. ಒಂದೇ ಮನೆಯ ಅಣ್ಣತಮ್ಮಂದಿರನ್ನು ಹೀಗೆ ಬೇರೆ ಮಾಡುವಾಗ ಯಾರನ್ನೂ ಕೇಳುವ ಪದ್ಧತಿ ಇರಲಿಲ್ಲ.

ಆದರೂ ಊರು ಕೈಕಟ್ಟಿ ಕುಳಿತಿರಲಿಲ್ಲ. ಅಡಿಕೆಯ ಬೆಲೆಯು ದಲ್ಲಾಳಿಗಳ ಬಾಯಿಮಾತಿನಲ್ಲಿರಬಾರದೆಂದು 1923ರಲ್ಲಿ ತೋಟಗಾರರು ತಮ್ಮದೇ ಸಹಕಾರಿ ಮಾರಾಟ ಸಂಘವನ್ನು ಕಟ್ಟಿದರು. ಅದು ಇಂದಿಗೂ ನಡೆಯುತ್ತಿದೆ. ಕರನಿರಾಕರಣೆಯ ಕಾಲದಲ್ಲಿ ಶಿರಸಿ, ಸಿದ್ದಾಪುರ, ಅಂಕೋಲೆಗಳ ರೈತರು ಜಮೀನನ್ನು ಕಳೆದುಕೊಂಡರೂ ಕಂದಾಯ ಕೊಡಲಿಲ್ಲ. ಮನೆಯ ಹೆಂಗಸರು ಪಾತ್ರೆಪಡಗಗಳ ಜಪ್ತಿಯನ್ನು ನೋಡುತ್ತ ನಿಂತರೆಂಬುದನ್ನು ಮಕ್ಕಳಿಗೆ ಹೇಳಬೇಕು. ಎರಡು ವರ್ಷಕ್ಕೊಮ್ಮೆ ನಡೆಯುವ ಮಾರಿಕಾಂಬೆಯ ಜಾತ್ರೆಯಲ್ಲಿ ಬಿಡಕಿಬೈಲಿನ ಗದ್ದುಗೆಯವರೆಗೆ ರಥವು ಸಾಗುವಾಗ ಒಂದೊಂದು ಜಾತಿಯವರಿಗೂ ಒಂದೊಂದು ಕೆಲಸವಿದೆ. 1934ರಲ್ಲಿ ಗಾಂಧೀಜಿಯವರು ಬಂದ ಕಾಲಕ್ಕೆ ಕೋಣನ ಬಲಿಯನ್ನು ಬಿಟ್ಟವರೂ ಇದೇ ಜನರು. ನೂರಾರು ವರ್ಷದ ರೂಢಿಯನ್ನು ಬಿಡುವುದು ಕರಾರುಪತ್ರಕ್ಕೆ ರುಜು ಹಾಕಿದಷ್ಟು ಸುಲಭವಲ್ಲ.

1956ರ ನವೆಂಬರ್ 1ರಂದು ಗೆರೆ ಅಳಿಸಿತು. ಕಾಸರಗೋಡು ಹೊರಗುಳಿದ ನೋವು ಇದ್ದೇ ಇದೆ, ಅದನ್ನಿಲ್ಲಿ ವಿಸ್ತರಿಸುವುದಿಲ್ಲ. ಶಿರಸಿಯ ಮಟ್ಟಿಗಾದರೋ, ಅಹವಾಲು ಹಿಡಿದುಕೊಂಡು ಪರಭಾಷೆಯ ರಾಜಧಾನಿಗೆ ಹೋಗುವ ಕಷ್ಟ ತಪ್ಪಿತು. ಹಾಗಾದರೆ ಇಂದು ಅನೇಕ ಬೆಟ್ಟಗಳು ಬೋಳಾಗಿ ನಿಂತಿರುವುದಕ್ಕೆ ಯಾವ ಮುಂಬಯಿಯನ್ನು ದೂರೋಣ? 1983ರ ಸೆಪ್ಟೆಂಬರಿನಲ್ಲಿ ಸಾಲ್ಕಣಿಯ ಜನರು ಕಾಡಿನೊಳಗೆ ಹೊಕ್ಕು, ಕೊಡಲಿಗೆ ಎದುರಾಗಿ ಮರಗಳನ್ನಪ್ಪಿಕೊಂಡರು. ಆ ಅಪ್ಪಿಕೋ ಚಳವಳಿಯ ಹೆಸರು ಎಲ್ಲರ ಬಾಯಲ್ಲಿದೆ. ಸೊಪ್ಪು ಸವರುವ ಕತ್ತಿಯ ಹದ ಮಾತ್ರ ಕೆಲವರಿಗೇ ನೆನಪಿದೆ. ತುದಿಯ ಟಿಸಿಲನ್ನು ಉಳಿಸಿ ಕಡಿದರೆ ಮರ ಮತ್ತೆ ಚಿಗುರುವುದು, ಬೋಳಿಸಿದರೆ ಒಣಗುವುದು. ಸವಲತ್ತು ಕಾಗದದ ಮೇಲಿದ್ದು ಬೆಟ್ಟದ ಮೇಲೆ ಎಲೆಯಿಲ್ಲದಿದ್ದರೆ ತೋಟಕ್ಕೆ ಹಾಕುವುದೇನು? ಈಚೆಗಂತೂ ಎಲೆಚುಕ್ಕೆ ರೋಗವೂ ತೋಟಗಳನ್ನು ಕಾಡುತ್ತಿದೆ.

ಆದುದರಿಂದ ನಮ್ಮ ಬೇಡಿಕೆ ಇಷ್ಟೇ. ಬರುವ ಮಳೆಗಾಲಕ್ಕೆ ಮೊದಲು ಒಂದೊಂದು ಊರಿನವರೂ ಕೂಡಿಕೊಂಡು ತಮ್ಮ ತಮ್ಮ ಬೆಟ್ಟದ ಮೇರೆಯನ್ನು ನಡೆದು ನೋಡಿರಿ. ಬೋಳಾದ ಕಡೆ ಮತ್ತಿ, ಹೊನ್ನೆ, ನೇರಳೆಯ ಸಸಿಗಳನ್ನು ನೆಡಿರಿ. ದನ ನುಗ್ಗದಂತೆ ಬೇಲಿಯನ್ನೂ ಅದೇ ದಿನ ಹಾಕಿರಿ.