ಮಳೆಯ ಸುದ್ದಿ ಹೊಲ ಮುಟ್ಟಲಿ



ಸಿಂಗಾಪುರ ಎಂದೊಡನೆ ಕಡಲಾಚೆಯ ನಗರವನ್ನು ನೆನೆಯಬೇಡಿ. ಬೆಂಗಳೂರಿನ ಉತ್ತರಕ್ಕೆ, ಯಲಹಂಕದ ಮಗ್ಗುಲಲ್ಲಿ, ಒಂದು ಕೆರೆಯ ಜೊತೆಗೆ ನಮ್ಮದೇ ಒಂದು ಸಿಂಗಾಪುರ ಉಂಟು. ಊರು ಈಗ ಪಟ್ಟಣದೊಳಗೆ ಸೇರಿಹೋಗಿದೆ. ಅದಕ್ಕೆ ಹತ್ತಿರ, ಅಟ್ಟೂರು ಬಡಾವಣೆಯ ಬಳಿ, ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಇದೆ. ಹೆಸರು ಉದ್ದ, ಕೆಲಸ ಮಾತ್ರ ನಿಮ್ಮ ಹೊಲದ್ದೇ. 1988ರಲ್ಲಿ ಬರಗಾಲದ ಮೇಲೆ ಕಣ್ಣಿಡಲು ಹುಟ್ಟಿದ ಈ ಸಂಸ್ಥೆ ಈಗ ಮಳೆ, ನೆರೆ, ಸಿಡಿಲು ಎಲ್ಲವನ್ನೂ ನೋಡುತ್ತದೆ.

ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ ಬೇಲಿಯೊಳಗೆ ಒಂದು ಮಳೆಮಾಪಕ ನಿಲ್ಲಿಸಿರುವುದನ್ನು ಕಂಡಿರಬಹುದು. ಬಿಸಿಲಿನ ಶಕ್ತಿಯಿಂದ ನಡೆಯುವ ಈ ಯಂತ್ರ ಹದಿನೈದು ನಿಮಿಷಕ್ಕೊಮ್ಮೆ ಮಳೆಯ ಲೆಕ್ಕವನ್ನು ಯಲಹಂಕಕ್ಕೆ ತಾನಾಗಿ ಕಳಿಸುತ್ತದೆ. ಹವಾಮಾನ ಆಧಾರಿತ ಬೆಳೆವಿಮೆಗೂ ಈ ಲೆಕ್ಕವೇ ಬೇಕು. ಆದ್ದರಿಂದ ಆ ಬೇಲಿಗೆ ಎಮ್ಮೆ ಕಟ್ಟಬೇಡಿ. ಮೇಲೆ ಕೊಂಬೆ ಬಾಗಿದ್ದರೆ ಪಂಚಾಯಿತಿಯವರಿಗೆ ಹೇಳಿ ತೆಗೆಸಿ.

ಆ ಲೆಕ್ಕದಿಂದ ನಮಗೇನು ಎನ್ನುತ್ತೀರಾ? ಒಂದು ಮಿಲಿಮೀಟರ್ ಮಳೆ ಎಂದರೆ ಎಕರೆಗೆ ಸುಮಾರು 4,000 ಲೀಟರ್ ನೀರು. ಪಕ್ಕದೂರಿನಲ್ಲಿ ಕೆರೆ ತುಂಬುವಂತೆ ಸುರಿದಿರಬಹುದು, ನಿಮ್ಮಲ್ಲಿ ಧೂಳೂ ಅಡಗಿರಲಿಕ್ಕಿಲ್ಲ. ಬಿತ್ತನೆ ನಿಮ್ಮೂರಿನ ಮಳೆ ನೋಡಿ ಆಗಬೇಕು. 2023ರಲ್ಲಿ ಮಳೆ ಕೈಕೊಟ್ಟು ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಸಾರಬೇಕಾಯಿತು. ಅಂಥ ವರ್ಷ ಯಾವ ಬೀಜವನ್ನು ಯಾವಾಗ ಬಿತ್ತಿದಿರಿ ಎಂಬುದರ ಮೇಲೆಯೇ ಕಣಜದ ಗತಿ.

ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದವರ ಮಾತನ್ನು ನಮ್ಮ ಮಳೆ ನಕ್ಷತ್ರಗಳ ಲೆಕ್ಕದಲ್ಲಿ ಹೇಳುತ್ತೇನೆ. ಆರಿದ್ರೆ, ಪುನರ್ವಸು ಹದವಾಗಿ ಬಂದರೆ ಎಂ.ಆರ್.-1, ಎಲ್-5 ಥರದ ದೀರ್ಘಾವಧಿ ರಾಗಿ ಹಾಕಿ. ಪುಷ್ಯ, ಆಶ್ಲೇಷಕ್ಕೆ ಬಂತೋ, ಜಿ.ಪಿ.ಯು.-28, ಇದು ಬೆಂಕಿ ರೋಗವನ್ನೂ ತಡೆದುಕೊಳ್ಳುತ್ತದೆ. ಮಖೆಯವರೆಗೂ ಕಾಯಿಸಿದರೆ ನೂರು ದಿನದೊಳಗೆ ಕೊಯ್ಲಿಗೆ ಬರುವ ಜಿ.ಪಿ.ಯು.-48. ‘ಅಪ್ಪನ ಕಾಲದಿಂದ ಇದೇ ಬೀಜ’ ಎಂದು ತಡವಾದ ಮಳೆಗೆ ದೀರ್ಘಾವಧಿ ತಳಿ ಬಿತ್ತಿದರೆ ತೆನೆ ಹಾಲುದುಂಬುವ ಹೊತ್ತಿಗೆ ಮಳೆ ನಿಂತಿರುತ್ತದೆ.

ಇನ್ನೊಂದು ಸುಲಭದ ಕೆಲಸ. ಎಂಟು ಸಾಲು ರಾಗಿ, ಎರಡು ಸಾಲು ತೊಗರಿ ಹಾಕಿ, ಆ ಎರಡು ತೊಗರಿ ಸಾಲುಗಳ ನಡುವೆ ಇಳಿಜಾರಿಗೆ ಅಡ್ಡವಾಗಿ ಒಂದು ಕಾಲುವೆಸಾಲು ತೆಗೆಯಿರಿ. ಜೋರು ಮಳೆಯ ನೀರು ಅಲ್ಲಿ ನಿಂತು ಇಂಗುತ್ತದೆ. ರಾಗಿ ಕೊಯ್ದ ಮೇಲೂ ತೊಗರಿ ಆ ತೇವ ಕುಡಿದು ಕಾಯಿ ಕಟ್ಟುತ್ತದೆ. ನೆಲಮಂಗಲ ತಾಲ್ಲೂಕಿನ ಚಿಕ್ಕಮಾರನಹಳ್ಳಿಯಲ್ಲಿ ಇದನ್ನು ರೈತರ ಹೊಲಗಳಲ್ಲೇ ಮಾಡಿ ತೋರಿಸಿದ್ದಾರೆ. ಖರ್ಚು ಏನು? ನೇಗಿಲಿನ ಒಂದು ಸುತ್ತು.

ಇಷ್ಟೆಲ್ಲ ಇದ್ದೂ ನನಗೆ ಚಿಂತೆ ಬೇರೆಯದೇ. ಸುದ್ದಿ ಬರುವುದು ಫೋನಿಗೆ. ಫೋನು ಇರುವುದು ಯಜಮಾನರ ಜೇಬಿನಲ್ಲಿ. ಯಜಮಾನರು ಸಂತೆಗೆ ಹೋಗಿರುತ್ತಾರೆ. ಹೊಲದಲ್ಲಿ ಕಳೆ ಕೀಳುತ್ತಿರುವ ಹೆಂಗಸರಿಗೆ, ಕುರಿ ಕಾಯುವ ಹುಡುಗನಿಗೆ, ವಾರಕ್ಕೆ ಮಾಡುವ ಗೇಣಿದಾರನಿಗೆ ಹೇಳುವವರು ಯಾರು? ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಸಿಡಿಲು ಬಡಿಯುವುದು ಬಯಲಿನಲ್ಲಿರುವ ಇಂಥವರಿಗೇ. ‘ಸಿಡಿಲು’ ಎಂಬ ಆ್ಯಪನ್ನು ಯಲಹಂಕದವರು ಮಾಡಿದ್ದು ಒಳ್ಳೆಯದೇ, ಆದರೆ ಕುರಿಗಾಹಿಯ ಕೈಲಿ ಕೋಲು ಮಾತ್ರ ಇದ್ದರೆ ಆ ಎಚ್ಚರಿಕೆ ಅವನಿಗೆ ಮುಟ್ಟಲಿಲ್ಲ.

ಹೀಗೆ ಮಾಡಿ. ಬೆಳಿಗ್ಗೆ ಸಂಜೆ ಹಾಲು ಹಾಕಲು ಎಲ್ಲರೂ ಡೈರಿಗೆ ಬರುತ್ತಾರಲ್ಲ, ಅಲ್ಲಿ ಒಂದು ಕರಿಹಲಗೆ ತೂಗುಹಾಕಿ. ಶಾಲೆಗೆ ಹೋಗುವ ಒಬ್ಬ ಹುಡುಗಿಗೆ ಕೆಲಸ ಒಪ್ಪಿಸಿ: ನಿನ್ನೆಯ ಮಳೆ ಎಷ್ಟು, ಇಂದಿನ ಮುನ್ಸೂಚನೆ ಏನು ಎಂದು ದಪ್ಪ ಅಕ್ಷರದಲ್ಲಿ ಬರೆಯಲಿ. ಓದಲು ಬಾರದವರಿಗೆ ಡೈರಿಯವರು ಓದಿ ಹೇಳಲಿ. ಸಿಡಿಲಿನ ಸೂಚನೆ ಬಂದರೆ ಗುಡಿಯ ಮೈಕಿನಲ್ಲಿ ಕೂಗಿಸಿ. ಹಬ್ಬಕ್ಕೆ ಅಷ್ಟು ಹೊತ್ತು ಕೂಗುವ ಮೈಕು, ಇದಕ್ಕೆ ಎರಡು ನಿಮಿಷ ಕೂಗಲಾರದೆ?

ಮಿಂಚು ಕಂಡೊಡನೆ ಎಣಿಸಿ. ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿಲೋಮೀಟರಿನೊಳಗೇ ಇದೆ. ಮರದಡಿ ನಿಲ್ಲಬೇಡಿ, ತಂತಿಬೇಲಿ ಮುಟ್ಟಬೇಡಿ, ಕೆರೆಯಿಂದ ಮೇಲೆ ಬನ್ನಿ. ಗಟ್ಟಿ ಕಟ್ಟಡದೊಳಗೆ ಸೇರಿಕೊಳ್ಳಿ. ಹತ್ತಿರ ಯಾವುದೂ ಇಲ್ಲವಾದರೆ ಪಾದ ಜೋಡಿಸಿ ಕುಕ್ಕರಗಾಲಲ್ಲಿ ತಲೆ ತಗ್ಗಿಸಿ ಕುಳಿತುಕೊಳ್ಳಿ, ನೆಲದ ಮೇಲೆ ಮಲಗಬೇಡಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆಯುವವರೆಗೆ ಕುರಿಗಳನ್ನು ಮತ್ತೆ ಬಯಲಿಗೆ ಹೊಡೆಯಬೇಡಿ.