ಪೇಟೆಗೆ ಹೋಗೋಣ ಬನ್ನಿ



ಪೇಟೆ ನಮಗೇನೂ ಹೊಸದಲ್ಲ. ಆದರೆ ಹೋಗುವಾಗ ಗಂಡಸರು ಮುಂದೆ, ನಾವು ಹಿಂದೆ. ಅವರು ತೋರಿಸಿದ್ದೇ ಅಂಗಡಿ, ಅವರು ಹೇಳಿದ್ದೇ ರೇಟು. ಈ ಸಲ ನಾಲ್ಕು ಜನ ಹೆಂಗಸರೇ ಕೂಡಿ ಹಳೇ ದಾವಣಗೆರೆಗೆ ಹೋಗಿ ಬನ್ನಿ. ಅಕ್ಷರ ಕಲಿತಿದ್ದೀರಲ್ಲ, ಭಯ ಯಾಕೆ?

ಮೊದಲು ಬಸ್ಸಿನ ಬೋರ್ಡು ಓದಿ. 2023ರ ಜೂನ್ 11ರಿಂದ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ನಮ್ಮ ರಾಜ್ಯದ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಆಧಾರ್ ಕಾರ್ಡು ತೋರಿಸಿದರೆ ಆಯಿತು. ಖಾಸಗಿ ಬಸ್ಸು ಹತ್ತಿದರೆ ದುಡ್ಡು ಕೊಡಬೇಕು. ನಮ್ಮ ಕಡೆ ಎರಡೂ ಓಡುತ್ತವೆ.

ಮಂಡಿಪೇಟೆ, ಚೌಕಿಪೇಟೆ, ಕಾಳಿಕಾದೇವಿ ರಸ್ತೆ, ಎಲ್ಲಾ ಸುತ್ತಾಡಿ. ನಾಲ್ಕು ಅಂಗಡಿಯಲ್ಲಿ ರೇಟು ಕೇಳಿ. ಪೊಟ್ಟಣದ ಮೇಲೆ ತೂಕ, ಬೆಲೆ ಅಚ್ಚಾಗಿರುತ್ತದೆ. ಅದಕ್ಕಿಂತ ಒಂದು ರೂಪಾಯಿ ಹೆಚ್ಚು ಕೇಳಿದರೂ ಕೊಡಬೇಡಿ. ಕಡಿಮೆಗೆ ಕೇಳಬಹುದು! ಬಿಲ್ಲು ಈಸಿಕೊಂಡು ಅಲ್ಲೇ ಕೂಡಿ ನೋಡಿ. “ಯಾಕಕ್ಕಾ, ನಂಬಿಕೆ ಇಲ್ವಾ?” ಅಂದಾರು. “ನಂಬಿಕೆ ಐತಣ್ಣಾ, ಲೆಕ್ಕಾನೂ ಕಲ್ತೀವಿ” ಅನ್ನಿ.

ಹಸಿವಾಯಿತೇ? ಮನೆಗೆ ಹೋಗಿ ಉಂಡರಾಯಿತು ಅನ್ನಬೇಡಿ. ಹೋಟೆಲಿನಲ್ಲಿ ಹೆಂಗಸರು ಕೂತು ತಿಂದರೆ ತಪ್ಪೇನು? ನಮ್ಮೂರ ಬೆಣ್ಣೆ ದೋಸೆಯ ಕಥೆ ಶುರುವಾದದ್ದೇ ಒಬ್ಬ ಹೆಣ್ಣುಮಗಳಿಂದ. ಆಕೆ ಚೆನ್ನಮ್ಮ. 1928ರ ಹೊತ್ತಿಗೆ ಬೆಳಗಾವಿ ಕಡೆಯಿಂದ ಮಕ್ಕಳನ್ನು ಕಟ್ಟಿಕೊಂಡು ಇಲ್ಲಿಗೆ ಬಂದರಂತೆ. ನಾಟಕದ ಥಿಯೇಟರಿನ ಹತ್ತಿರ ರಾಗಿ ಹಿಟ್ಟಿನ ದೋಸೆ ಹಾಕಿ ಮಾರಿದರಂತೆ. ನಾಟಕಕ್ಕೆ ಬಂದವರು ದೋಸೆಗೂ ಬಂದರು. ಅಕ್ಕಿ, ಉದ್ದು, ಮಂಡಕ್ಕಿ ರುಬ್ಬಿ, ಬೆಣ್ಣೆ ಹಾಕಿದ್ದು ಆಮೇಲೆ, ಮಕ್ಕಳ ಕಾಲದಲ್ಲಿ. ಈಗ ಬೆಂಗಳೂರಿನಲ್ಲೂ ‘ದಾವಣಗೆರೆ ಬೆಣ್ಣೆ ದೋಸೆ’ ಅಂತ ಬೋರ್ಡು! ಸಂಜೆಯಾದರೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿನ್ನದೆ ಬರಬೇಡಿ.

ದುಗ್ಗಮ್ಮನ ಗುಡಿಯೂ ಹಳೇ ಊರಿನಲ್ಲೇ ಇದೆ. ಎರಡು ವರ್ಷಕ್ಕೊಮ್ಮೆ ಜಾತ್ರೆ. ಆಗ ಹೋದರೆ ಕಂಪನಿ ನಾಟಕವನ್ನೂ ನೋಡಬಹುದು.

ಹೊತ್ತು ಉಳಿದರೆ ಹರಿಹರಕ್ಕೆ ಹೋಗಿ. ಸುಮಾರು 14 ಕಿಲೋಮೀಟರು. ತುಂಗಭದ್ರೆಯ ದಡದ ಊರು. ಅಲ್ಲಿಯ ಹರಿಹರೇಶ್ವರ ಗುಡಿಯನ್ನು ಹೊಯ್ಸಳರ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ. ಮೂರ್ತಿ ಒಂದೇ. ಅರ್ಧ ಶಿವ, ಅರ್ಧ ವಿಷ್ಣು. ಗುಡಿಯಲ್ಲಿ ಎತ್ತರದ ಶಾಸನದ ಕಲ್ಲುಗಳಿವೆ. ಅವು ಹಳೆಗನ್ನಡದ ಅಕ್ಷರ. ಎಷ್ಟೋ ಮೇಷ್ಟರಿಗೂ ಓದಲು ಬಾರದು. ಆದರೂ ಹತ್ತಿರ ನಿಂತು ನೋಡಿ. ಒಂದೆರಡು ಅಕ್ಷರದ ಗುರುತು ಹತ್ತಿದರೂ ಹತ್ತೀತು.

ಊರಿಗೆ ಕೊನೇ ಬಸ್ಸು ಎಷ್ಟು ಗಂಟೆಗೆ ಅಂತ ಮಾತ್ರ ಬೆಳಿಗ್ಗೆಯೇ ಕೇಳಿಟ್ಟುಕೊಳ್ಳಿ.